ಚೀಲ ಹೊತ್ತವರು ಗೆದ್ದ ಕಪ್: ಇಂಡಿಯನ್ ಓಪನ್ ಗಾಲ್ಫ್‌ನ ಆರು ದಶಕ

(ಬೆಂಗಳೂರಿನಲ್ಲಿ ಕ್ರೀಡಾಸಕ್ತರ ಸಂಜೆ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗಾಲ್ಫ್ ಬಗ್ಗೆ ಮಾತಾಡುತ್ತೇನೆ ಅಂದಾಗ ಸಂಘಟಕರು ಸ್ವಲ್ಪ ಅನುಮಾನಿಸಿದರು. ಕ್ರಿಕೆಟ್ ಆದರೆ ಸಭಾಂಗಣ ತುಂಬುತ್ತದೆ, ಕಬಡ್ಡಿ ಆದರೂ ಜನ ಬರುತ್ತಾರೆ, ಗಾಲ್ಫ್‌ಗೆ ಯಾರು ಬರುತ್ತಾರೆ ಎಂಬ ಪ್ರಶ್ನೆ ಸಹಜವೇ. ಅದು ನಮ್ಮಾಟ ಅಲ್ಲ, ಕಾಂಪೌಂಡ್ ಒಳಗಿನವರ ಆಟ ಅಂತ ನಮ್ಮೆಲ್ಲರ ಮನಸ್ಸಿನಲ್ಲೂ ಇದೆ. ಅದಕ್ಕೇ ನಾನು ಒಂದು ಹೆಸರಿನಿಂದ ಶುರುಮಾಡುತ್ತೇನೆ: ಚಿನ್ನಸ್ವಾಮಿ ಮುನಿಯಪ್ಪ.

2009ರಲ್ಲಿ ದೆಹಲಿ ಪಕ್ಕದ ಗುರ್‌ಗಾಂವ್‌ನ ಡಿಎಲ್‌ಎಫ್ ಮೈದಾನದಲ್ಲಿ ಇಂಡಿಯನ್ ಓಪನ್ ನಡೆಯಿತು. ನಾಲ್ಕು ದಿನ, 72 ಹೋಲ್ ಆಡಿ ಮುಗಿದಾಗ ಇಬ್ಬರು ಸಮನಾಗಿ ನಿಂತಿದ್ದರು. ಒಬ್ಬರು ಕೊರಿಯಾದ ಲೀ ಸುಂಗ್, ಇನ್ನೊಬ್ಬರು ನಮ್ಮ ಬೆಂಗಳೂರಿನ ಮುನಿಯಪ್ಪ. ಸಮ ಬಿಡಿಸಲು ಆಡುವ ಹೆಚ್ಚುವರಿ ಆಟದಲ್ಲಿ, ಅಂದರೆ ಪ್ಲೇ ಆಫ್‌ನಲ್ಲಿ, ಮುನಿಯಪ್ಪ ಗೆದ್ದರು. ದೇಶದ ಅತಿ ದೊಡ್ಡ ಗಾಲ್ಫ್ ಕಪ್ ಎತ್ತಿದ ಆ ಕೈಗಳು ಅದಕ್ಕೂ ಮುಂಚೆ ವರ್ಷಗಟ್ಟಲೆ ಬೇರೆಯವರ ಗಾಲ್ಫ್ ಚೀಲ ಎತ್ತಿದ್ದವು. ಮುನಿಯಪ್ಪ ಕ್ಯಾಡಿಯಾಗಿದ್ದವರು.

ಇದು ಅಪರೂಪಕ್ಕೆ ಒಮ್ಮೆ ನಡೆದ ಪವಾಡವಾಗಿದ್ದರೆ ನಾನು ಇವತ್ತು ಇಲ್ಲಿ ನಿಲ್ಲುತ್ತಿರಲಿಲ್ಲ. ಇಂಡಿಯನ್ ಓಪನ್ ಶುರುವಾದ 1964ರಿಂದ 2025ರವರೆಗೆ ಭಾರತೀಯರು ಅದನ್ನು 13 ಸಲ ಗೆದ್ದಿದ್ದಾರೆ. ಆ 13ರಲ್ಲಿ 7 ಗೆಲುವು ಕ್ಯಾಡಿಗಳಾಗಿದ್ದವರದ್ದು, ಹುಲ್ಲು ನೋಡಿಕೊಳ್ಳುವ ಮಾಲಿಯ ಮನೆಯಿಂದ ಬಂದವರದ್ದು. ಕ್ಲಬ್‌ನ ಮುಂಬಾಗಿಲಲ್ಲಿ ಕಾರಿನಲ್ಲಿ ಬಂದವರದ್ದಲ್ಲ, ಹಿಂಬಾಗಿಲಲ್ಲಿ ನಡೆದು ಬಂದವರದ್ದು. ನಾನು ಹೇಳಬೇಕೆಂದಿರುವುದು ಈ ಹಿಂಬಾಗಿಲ ಚರಿತ್ರೆಯನ್ನು.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಗಾಲ್ಫ್ ಮೈದಾನದಲ್ಲಿ 18 ಹೋಲ್. ಪ್ರತಿಯೊಂದಕ್ಕೂ ಇಷ್ಟು ಹೊಡೆತದಲ್ಲಿ ಚೆಂಡು ಗುಳಿಗೆ ಬೀಳಬೇಕು ಅಂತ ಒಂದು ಲೆಕ್ಕ, ಅದು ಪಾರ್. ಒಂದು ಹೊಡೆತ ಉಳಿಸಿದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ನಾಲ್ಕು ದಿನ ಆಡಬೇಕು. ಎರಡು ದಿನದ ಕೊನೆಗೆ ಹಿಂದುಳಿದವರನ್ನು ಮನೆಗೆ ಕಳಿಸುತ್ತಾರೆ. ಕೊನೆಗೆ ಯಾರ ಹೊಡೆತ ಕಡಿಮೆಯೋ ಅವರು ಗೆದ್ದಂತೆ. 'ಓಪನ್' ಅಂದರೆ ಹಣಕ್ಕೆ ಆಡುವ ವೃತ್ತಿಪರರಿಗೂ, ಹಣ ಮುಟ್ಟದೆ ಆಡುವ ಹವ್ಯಾಸಿಗಳಿಗೂ ತೆರೆದ ಪಂದ್ಯಾವಳಿ. ನಮ್ಮ ಕಥೆಯಲ್ಲಿ ಈ ಕೊನೆಯ ಮಾತಿಗೆ ತುಂಬ ಬೆಲೆ ಇದೆ. ಹುಟ್ಟು, ಸದಸ್ಯತ್ವ, ಶಿಫಾರಸು ಯಾವುದೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹೊಡೆತ ಎಣಿಸುತ್ತಾರೆ, ಅಷ್ಟೇ.

ಭಾರತಕ್ಕೆ ಗಾಲ್ಫ್ ಹೊಸದಲ್ಲ. ಕೋಲ್ಕತ್ತಾದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ಹುಟ್ಟಿದ್ದು 1829ರಲ್ಲಿ. ಬ್ರಿಟನ್ನಿನ ಹೊರಗೆ ಅದಕ್ಕಿಂತ ಹಳೆಯ ಗಾಲ್ಫ್ ಕ್ಲಬ್ ಇಲ್ಲ. ನಮ್ಮ ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಹವ್ಯಾಸಿಗಳ ಅಖಿಲ ಭಾರತ ಚಾಂಪಿಯನ್‌ಷಿಪ್ 1892ರಲ್ಲೇ ಶುರುವಾಯಿತು. ಇಷ್ಟೆಲ್ಲ ಹಳಮೆ ಇದ್ದರೂ ವೃತ್ತಿಪರರೂ ಸೇರಿ ಆಡುವ ರಾಷ್ಟ್ರೀಯ ಓಪನ್ ನಮಗೆ ಸ್ವಾತಂತ್ರ್ಯ ಬಂದು 17 ವರ್ಷ ಆಗುವವರೆಗೂ ಇರಲಿಲ್ಲ. ಫಿಲಿಪ್ಪೀನ್ಸ್‌ನವರು 1913ರಲ್ಲೇ ಶುರುಮಾಡಿದ್ದರು, ಹಾಂಗ್‌ಕಾಂಗ್ 1959ರಲ್ಲಿ. ನಮ್ಮಲ್ಲಿ ತಡವಾಗಿದ್ದಕ್ಕೆ ನನಗೆ ಕಾಣುವ ಕಾರಣ ಇದು: ಇಲ್ಲಿ ಗಾಲ್ಫ್ ಅಂದರೆ ಸಾಹೇಬರು, ಆಮೇಲೆ ಅಧಿಕಾರಿಗಳು, ಕಂಪನಿ ದೊಡ್ಡವರು ಆಡುವ ಆಟ. ಗಾಲ್ಫ್ ಆಡಿಯೇ ಹೊಟ್ಟೆ ಹೊರೆಯುವವನು ಅಂದರೆ ಕ್ಲಬ್ಬಿನ ನೌಕರ. ನೌಕರನ ಜೊತೆ ಒಂದೇ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳುವ ಪಂದ್ಯಾವಳಿಯ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಅಗತ್ಯ ಕಂಡದ್ದು ಒಬ್ಬ ಆಸ್ಟ್ರೇಲಿಯಾದವರಿಗೆ. ಪೀಟರ್ ಥಾಮ್ಸನ್. ಬ್ರಿಟಿಷ್ ಓಪನ್ ಎಂಬ ಗಾಲ್ಫ್‌ನ ದೊಡ್ಡ ಕಪ್ಪನ್ನು 1954, 55, 56ರಲ್ಲಿ ಸತತ ಮೂರು ಸಲ, ಮತ್ತೆ 1958ರಲ್ಲಿ ಗೆದ್ದವರು. ಆ ಕಾಲದಲ್ಲಿ ಅಂಥ ಆಟಗಾರರೆಲ್ಲ ಅಮೆರಿಕದ ಡಾಲರ್ ಕಡೆ ಮುಖ ಮಾಡಿದರೆ ಥಾಮ್ಸನ್ ಏಷ್ಯಾ ಕಡೆ ತಿರುಗಿದರು. ಮನಿಲಾ, ಹಾಂಗ್‌ಕಾಂಗ್, ಸಿಂಗಪುರ, ಕೌಲಾಲಂಪುರ, ಟೋಕಿಯೊ ಹೀಗೆ ಊರಿಂದೂರಿಗೆ ಸಾಗುವ ಪಂದ್ಯಗಳ ಸರಪಳಿ ಕಟ್ಟುವುದಕ್ಕೆ ಹೆಗಲು ಕೊಟ್ಟರು. ಭಾರತಕ್ಕೂ ಒಂದು ಓಪನ್ ಬೇಕು ಅಂತ ಉತ್ತೇಜನ ಕೊಟ್ಟವರೂ ಅವರೇ. 1955ರಲ್ಲಿ ಹುಟ್ಟಿದ್ದ ಇಂಡಿಯನ್ ಗಾಲ್ಫ್ ಯೂನಿಯನ್ ಕೈಜೋಡಿಸಿತು. 1964ರಲ್ಲಿ ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ಮೊದಲ ಇಂಡಿಯನ್ ಓಪನ್ ನಡೆಯಿತು. ಗೆದ್ದವರು ಥಾಮ್ಸನ್ನೇ.

ಎರಡನೇ ವರ್ಷ, 1965, ಕೋಲ್ಕತ್ತಾ. ಇಲ್ಲಿ ಸ್ವಲ್ಪ ನಿಲ್ಲೋಣ. ಈ ಸಲ ಗೆದ್ದವರು ಪ್ರೇಮ್ ಗೋಪಾಲ್ ಸೇಠಿ, ಎಲ್ಲರ ಬಾಯಲ್ಲಿ ಬಿಲ್ಲೂ ಸೇಠಿ. ಭಾರತೀಯರು, ಅದರಲ್ಲೂ ಹವ್ಯಾಸಿ. ವಿದೇಶದಿಂದ ಬಂದ ವೃತ್ತಿಪರರನ್ನೆಲ್ಲ ಹಿಂದೆ ಹಾಕಿ ಕಪ್ ಗೆದ್ದರು, ಹವ್ಯಾಸಿಯಾದ್ದರಿಂದ ಬಹುಮಾನದ ಹಣ ಮುಟ್ಟುವಂತಿರಲಿಲ್ಲ. ಅರ್ಜುನ ಪ್ರಶಸ್ತಿ ಶುರುವಾದ 1961ರಲ್ಲೇ ಗಾಲ್ಫ್‌ಗಾಗಿ ಅದನ್ನು ಪಡೆದವರು ಇವರು. ಅವರ ನಂತರ ಇವತ್ತಿನವರೆಗೆ ಯಾವ ಹವ್ಯಾಸಿಯೂ ಇಂಡಿಯನ್ ಓಪನ್ ಗೆದ್ದಿಲ್ಲ. ಅದಕ್ಕಿಂತ ನೋವಿನ ಸಂಗತಿ, ಮುಂದಿನ 25 ವರ್ಷ ಯಾವ ಭಾರತೀಯನೂ ಗೆಲ್ಲಲಿಲ್ಲ.

ಆ 25 ವರ್ಷದ ಪಟ್ಟಿಯನ್ನು ಬೇಗ ಮುಗಿಸುತ್ತೇನೆ. ಥಾಮ್ಸನ್ 1966ರಲ್ಲಿ ಮತ್ತೆ ಗೆದ್ದರು, ಹತ್ತು ವರ್ಷ ಬಿಟ್ಟು 1976ರಲ್ಲಿ ಮೂರನೇ ಸಲ. ಜಪಾನಿನ ಕೆಂಜಿ ಹೊಸೊಯಿಶಿ, ಆಸ್ಟ್ರೇಲಿಯಾದ ಗ್ರಹಾಂ ಮಾರ್ಷ್ ಮತ್ತು ಬ್ರಯಾನ್ ಜೋನ್ಸ್ ಎರಡೆರಡು ಸಲ. ಫಿಲಿಪ್ಪೀನ್ಸ್, ತೈವಾನ್, ಮೆಕ್ಸಿಕೊ, ಕೆನಡಾ, ಅಮೆರಿಕ ಎಲ್ಲ ಕಡೆಯವರೂ ಬಂದು ಗೆದ್ದು ಹೋದರು. ಅವರಲ್ಲಿ ಒಬ್ಬರನ್ನು ಮಾತ್ರ ಹೆಸರಿಸಲೇಬೇಕು. 1981ರಲ್ಲಿ ಗೆದ್ದ ಪೇನ್ ಸ್ಟೀವರ್ಟ್. ಆಗಿನ್ನೂ ಅಮೆರಿಕದ ಟೂರ್‌ನಲ್ಲಿ, ಅಂದರೆ ಅಲ್ಲಿನ ವೃತ್ತಿಪರರ ಪಂದ್ಯ ಸರಣಿಯಲ್ಲಿ, ಹೆಸರು ಮಾಡದ ಹುಡುಗ, ಏಷ್ಯಾದ ಬಿಸಿಲಲ್ಲಿ ಊರೂರು ಅಲೆದು ಆಟ ಹದಗೊಳಿಸಿಕೊಳ್ಳುತ್ತಿದ್ದ. ಮುಂದೆ ಎರಡು ಸಲ ಯು.ಎಸ್. ಓಪನ್, ಒಂದು ಸಲ ಪಿಜಿಎ ಚಾಂಪಿಯನ್‌ಷಿಪ್ ಗೆದ್ದು, 1999ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡ ಅದೇ ಸ್ಟೀವರ್ಟ್.

ಆ ವರ್ಷಗಳಲ್ಲಿ ಪಂದ್ಯಾವಳಿ ಮುಖ್ಯವಾಗಿ ದೆಹಲಿ ಮತ್ತು ಕೋಲ್ಕತ್ತಾ ನಡುವೆ ಓಡಾಡಿಕೊಂಡಿತ್ತು. ಎರಡೂ ಮೈದಾನದ ಸ್ವಭಾವ ಬೇರೆ ಬೇರೆ. ರಾಯಲ್ ಕಲ್ಕತ್ತಾ ಹಾಸಿಗೆಯಂತೆ ಸಮತಟ್ಟು, ಆದರೆ ಎಲ್ಲಿ ನೋಡಿದರೂ ಕೊಳ. ದೆಹಲಿ ಗಾಲ್ಫ್ ಕ್ಲಬ್‌ನ ಲೋಧಿ ಕೋರ್ಸ್ ಇಕ್ಕಟ್ಟು. ಎರಡೂ ಪಕ್ಕ ಮುಳ್ಳು ಪೊದೆ, ನಡುವೆ ಕಿರಿದಾದ ಫೇರ್‌ವೇ, ಚೆಂಡು ಸಾಗಬೇಕಾದ ಹುಲ್ಲಿನ ದಾರಿ. ಚೆಂಡು ಪೊದೆಗೆ ಹೋದರೆ ಮುಗಿಯಿತು, ಅಲ್ಲಿಂದ ಹೊಡೆಯಲು ಕೈ ಆಡಿಸುವಷ್ಟೂ ಜಾಗ ಇರುವುದಿಲ್ಲ. ನಡುನಡುವೆ ಹಳೆಯ ಕಾಲದ ಗೋರಿ ಕಟ್ಟಡಗಳು, ಅವುಗಳ ಮೇಲೆ ನವಿಲು. ದೂರ ಬಾರಿಸುವ ಭುಜಬಲ ಅಲ್ಲಿ ಅರ್ಧ ವ್ಯರ್ಥ. ಎಲ್ಲಿ ಹೊಡೆಯಬಾರದು ಅಂತ ಗೊತ್ತಿದ್ದವನೇ ಅಲ್ಲಿ ಜಾಣ.

ಮೈದಾನದಲ್ಲಿ ಎಲ್ಲಿ ಹೊಡೆಯಬಾರದು ಅಂತ ಎಲ್ಲರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ? ಕ್ಯಾಡಿಗೆ.

ಕ್ಯಾಡಿಯ ಕೆಲಸವನ್ನು ಹತ್ತಿರದಿಂದ ನೋಡಿದವರು ಇಲ್ಲಿ ಕಡಿಮೆ ಇರಬಹುದು. ಒಂದು ಚೀಲದಲ್ಲಿ 14 ಕೋಲು, ಡಜನ್‌ಗಟ್ಟಲೆ ಚೆಂಡು, ನೀರು, ಛತ್ರಿ. ಅದನ್ನು ಹೆಗಲಿಗೇರಿಸಿ ನಾಲ್ಕೈದು ಗಂಟೆ ನಡಿಗೆ. ಆಟಗಾರ ಹೊಡೆದ ಚೆಂಡು ಎಲ್ಲಿ ಬಿತ್ತು ಅಂತ ಕಣ್ಣಿಟ್ಟು ನೋಡಬೇಕು. ಮರಳಿನ ಬಂಕರ್‌ನಿಂದ ಆಡಿದ ಮೇಲೆ ಹಲುಬೆಯಿಂದ ಮರಳು ಎಳೆದು ಸಮ ಮಾಡಬೇಕು. ಎಲ್ಲಕ್ಕಿಂತ ಸೂಕ್ಷ್ಮ ಕೆಲಸ ಇರುವುದು ಗ್ರೀನ್ ಮೇಲೆ, ಗುಳಿ ಇರುವ ನುಣುಪು ಹುಲ್ಲಿನ ಜಾಗದಲ್ಲಿ. ನಮ್ಮ ಕಡೆಯ ಹುಲ್ಲು ಒಂದು ದಿಕ್ಕಿಗೆ ಮಲಗಿ ಬೆಳೆಯುತ್ತದೆ. ಚೆಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿದಾಗ ಹುಲ್ಲು ಮಿರಮಿರ ಹೊಳೆದರೆ ಅದು ನಮ್ಮಿಂದ ಆಚೆಗೆ ಮಲಗಿದೆ ಅಂತ ಅರ್ಥ, ಚೆಂಡು ಜಾರಿಕೊಂಡು ಓಡುತ್ತದೆ. ಮಂಕಾಗಿ, ಗಾಢ ಹಸಿರಾಗಿ ಕಂಡರೆ ಹುಲ್ಲು ನಮ್ಮ ಕಡೆಗೆ ಮುಖ ಮಾಡಿದೆ, ಚೆಂಡು ತಡೆದು ನಿಲ್ಲುತ್ತದೆ. ಬೆಳಿಗ್ಗೆ ಒಂದು ಥರ, ಹುಲ್ಲು ಬೆಳೆದ ಸಂಜೆ ಇನ್ನೊಂದು ಥರ. ದಿನಾ ಆ ಹುಲ್ಲನ್ನೇ ಓದುತ್ತಾ ಬೆಳೆದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಅವನಿಗೆ ಆಡಲು ಅವಕಾಶ? ಹಲವು ಕ್ಲಬ್‌ಗಳಲ್ಲಿ ಸೋಮವಾರ ಸದಸ್ಯರಿಗೆ ರಜೆ, ಅಂದು ಕ್ಯಾಡಿಗಳಿಗೆ ಮೈದಾನ ಬಿಟ್ಟುಕೊಡುವ ರೂಢಿ ಇತ್ತು. ವಾರಕ್ಕೆ ಒಂದು ದಿನ. ಆಮದಿನ ಮೇಲೆ ನಿರ್ಬಂಧ ಇದ್ದ ಆ ಕಾಲದಲ್ಲಿ ಒಂದು ಒಳ್ಳೆಯ ಕೋಲು ಸಿಗುವುದೇ ಕಷ್ಟ, ಕೊಳ್ಳುವುದಂತೂ ದೂರದ ಮಾತು. ಸದಸ್ಯರು ಬಿಸಾಕಿದ, ದಾನ ಕೊಟ್ಟ ಕೋಲುಗಳಲ್ಲಿ ಅಭ್ಯಾಸ. ಪೂರ್ತಿ ಸೆಟ್ ಇಲ್ಲದವನು ಒಂದೇ ಕೋಲಿನಲ್ಲಿ ಎತ್ತರದ ಹೊಡೆತ, ತಗ್ಗಿನ ಹೊಡೆತ, ಬಾಗಿಸುವ ಹೊಡೆತ ಎಲ್ಲ ಕಲಿತುಕೊಳ್ಳುತ್ತಾನೆ. ಬಡತನವನ್ನು ಹೊಗಳುತ್ತಿಲ್ಲ ನಾನು. ಅಂಥ ಇಕ್ಕಟ್ಟಿನಲ್ಲೂ ಅವರು ಏನನ್ನು ಸಾಧಿಸಿದರು ಅಂತ ನೀವು ನೋಡಬೇಕು ಅಂತ ಹೇಳುತ್ತಿದ್ದೇನೆ.

1991, ದೆಹಲಿ ಗಾಲ್ಫ್ ಕ್ಲಬ್. ಅದೇ ಕ್ಲಬ್‌ನಲ್ಲಿ ಚೀಲ ಹೊತ್ತು ಬೆಳೆದ ಅಲಿ ಶೇರ್ ಇಂಡಿಯನ್ ಓಪನ್ ಗೆದ್ದರು. ಭಾರತದ ವೃತ್ತಿಪರ ಆಟಗಾರನೊಬ್ಬ ತನ್ನ ದೇಶದ ಓಪನ್ ಗೆದ್ದದ್ದು ಅದೇ ಮೊದಲು. 27 ವರ್ಷ ಹಿಡಿಯಿತು. ಯಾರೋ ಅದೃಷ್ಟ ಅಂದಿರಬಹುದು. 1993ರಲ್ಲಿ ಅಲಿ ಶೇರ್ ಮತ್ತೆ ಗೆದ್ದರು.

ನನ್ನ ಮಟ್ಟಿಗೆ ಈ ಪಂದ್ಯಾವಳಿ ನಿಜವಾಗಿ 'ಓಪನ್' ಆದದ್ದು 1964ರಲ್ಲಿ ಅಲ್ಲ, 1991ರಲ್ಲಿ. ಅಲ್ಲಿಂದ ಮುಂದೆ ಬಾಗಿಲು ಸರಸರನೆ ತೆರೆಯಿತು. 1998ರಲ್ಲಿ ಕೋಲ್ಕತ್ತಾದ ಕ್ಯಾಡಿ ಫಿರೋಜ್ ಅಲಿ ಮೊಲ್ಲಾ. 1999ರಲ್ಲಿ ಅದೇ ಊರಿನ, ಅನುಕೂಲಸ್ಥ ಮನೆಯ ಅರ್ಜುನ್ ಅಟ್ವಾಲ್. 2000ದಲ್ಲಿ ಸೇನಾಧಿಕಾರಿಯ ಮಗ ಜ್ಯೋತಿ ರಾಂಧವಾ. ಸತತ ಮೂರು ವರ್ಷ ಮೂವರು ಭಾರತೀಯರು. 2002ರಲ್ಲಿ ಲಖನೌದ ವಿಜಯ್ ಕುಮಾರ್, ಅವರೂ ಕ್ಯಾಡಿಯಾಗಿ ಶುರುಮಾಡಿದವರೇ. ರಾಂಧವಾ 2006 ಮತ್ತು 2007ರಲ್ಲಿ ಮತ್ತೆ ಗೆದ್ದರು. ಮೂರು ಸಲ ಗೆದ್ದವರು ಇಡೀ ಚರಿತ್ರೆಯಲ್ಲಿ ಇಬ್ಬರೇ, ಥಾಮ್ಸನ್ ಮತ್ತು ರಾಂಧವಾ.

ಪ್ರಾಯೋಜಕರ ಹೆಸರು ನೋಡಿದರೂ ದೇಶದ ಚರಿತ್ರೆಯ ಒಂದು ಎಳೆ ಸಿಗುತ್ತದೆ. 90ರ ದಶಕದಲ್ಲಿ ಅದು ಸಿಗರೇಟಿನ ಹೆಸರು ಹೊತ್ತ ವಿಲ್ಸ್ ಇಂಡಿಯನ್ ಓಪನ್. ನಂತರ ಮದ್ಯದ ಬ್ರಾಂಡ್ ರಾಯಲ್ ಚಾಲೆಂಜ್. ಆಮೇಲೆ ಬೈಕ್ ಕಂಪನಿ ಹೀರೊ ಹೋಂಡಾ. ಹೋಂಡಾ ಬೇರೆಯಾದ ಮೇಲೆ ಬರೀ ಹೀರೊ. ಸಿಗರೇಟಿನಿಂದ ಮೋಟಾರ್ ಸೈಕಲ್‌ವರೆಗೆ.

ಈಗ ನಮ್ಮ ಊರಿಗೆ ಬರೋಣ. ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ ದೊಮ್ಮಲೂರು ದಾಟಿದ ಮೇಲೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಇದೆ, ಎಲ್ಲರೂ ಕೆಜಿಎ ಅನ್ನುತ್ತಾರೆ. ಅದು ಇರುವ ಜಾಗ ಒಂದು ಕಾಲಕ್ಕೆ ಚಲ್ಲಘಟ್ಟ ಕೆರೆ. ಬೆಂಗಳೂರು ಕಳೆದುಕೊಂಡ ಕೆರೆಗಳ ಪಟ್ಟಿ ಮಾಡುವವರು ಇದನ್ನೂ ಸೇರಿಸುತ್ತಾರೆ, ಸೇರಿಸಲೇಬೇಕು. ಆ ಕೆರೆಯಂಗಳದ ಮೇಲೆ ಗಾಲ್ಫ್ ಮೈದಾನ ವಿನ್ಯಾಸ ಮಾಡಿದವರು ಯಾರು ಗೊತ್ತೇ? ಪೀಟರ್ ಥಾಮ್ಸನ್. ಮೊದಲ ಇಂಡಿಯನ್ ಓಪನ್ ಗೆದ್ದವರೇ. ಆಟದ ಜೊತೆಗೆ ಅವರು ಮೈದಾನ ಕಟ್ಟುವುದರಲ್ಲೂ ತೊಡಗಿದ್ದರು. 1976–77ರಲ್ಲಿ ದೆಹಲಿಯ ಲೋಧಿ ಕೋರ್ಸ್‌ನ್ನು ಮರುವಿನ್ಯಾಸ ಮಾಡಿದ್ದೂ ಅವರೇ. ಹೀಗೆ ಥಾಮ್ಸನ್ ನೆಟ್ಟ ಓಪನ್, 2012ರಲ್ಲಿ ಥಾಮ್ಸನ್ ಗೀರಿದ ಬೆಂಗಳೂರಿನ ಮೈದಾನಕ್ಕೇ ಬಂತು. ಆ ವಾರದ ಬಗ್ಗೆ ಕೊನೆಗೆ ಹೇಳುತ್ತೇನೆ.

ಅದಕ್ಕೂ ಮೊದಲು 2013ನ್ನು ಮುಗಿಸಿಬಿಡೋಣ, ಯಾಕಂದರೆ ಹಿಂಬಾಗಿಲ ಚರಿತ್ರೆ ಆ ವರ್ಷ ಗಡಿಯನ್ನೇ ದಾಟಿತು. ಗೆದ್ದವರು ಬಾಂಗ್ಲಾದೇಶದ ಸಿದ್ದಿಕುರ್ ರೆಹಮಾನ್. ಢಾಕಾದ ಕುರ್ಮಿಟೋಲಾ ಗಾಲ್ಫ್ ಕ್ಲಬ್‌ನಲ್ಲಿ ಚೆಂಡು ಹೆಕ್ಕುವ ಹುಡುಗನಾಗಿ ಸೇರಿ, ಕ್ಯಾಡಿಯಾಗಿ, ಆಟಗಾರನಾದವರು. ದೆಹಲಿಯಲ್ಲಿ ಒಂದೇ ಒಂದು ಹೊಡೆತದ ಅಂತರದಲ್ಲಿ ಗೆದ್ದರು. ಅವರ ಹಿಂದೆಯೇ ನಿಂತಿದ್ದ ಇಬ್ಬರು ಭಾರತೀಯರು: ಅನಿರ್ಬನ್ ಲಾಹಿರಿ ಮತ್ತು ಎಸ್.ಎಸ್.ಪಿ. ಚೌರಾಸಿಯಾ.

ಶಿವಶಂಕರ್ ಪ್ರಸಾದ್ ಚೌರಾಸಿಯಾ ಅವರ ಕಥೆ ಹೇಳುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ತಂದೆ ರಾಯಲ್ ಕಲ್ಕತ್ತಾ ಕ್ಲಬ್‌ನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದವರು. ಹತ್ತು ವರ್ಷದ ಹುಡುಗ ಯಾರ ಪಾಠವೂ ಇಲ್ಲದೆ ನೋಡಿ ನೋಡಿ ಕಲಿತ. ದೂರ ಬಾರಿಸುವ ಶಕ್ತಿ ಇರಲಿಲ್ಲ, ಆದರೆ ಗ್ರೀನ್ ಸುತ್ತಮುತ್ತ ಅವನ ಕೈಯಲ್ಲಿ ಚೆಂಡು ಹೇಳಿದಂತೆ ಕೇಳುತ್ತಿತ್ತು. ಗ್ರೀನ್ ಹೊರಗಿನಿಂದ ಚೆಂಡನ್ನು ಸಣ್ಣಗೆ ಎತ್ತಿ ಹಾಕುವ ಚಿಪ್, ಗ್ರೀನ್ ಮೇಲೆ ಗುಳಿಗೆ ಉರುಳಿಸುವ ಪಟ್, ಎರಡರಲ್ಲೂ ಅಷ್ಟು ಪಳಗಿದ್ದಕ್ಕೆ ಜೊತೆಯವರು 'ಚಿಪ್‌ಪುಟ್‌ಸಿಯಾ' ಅಂತ ಅಡ್ಡಹೆಸರಿಟ್ಟರು. 1999ರಲ್ಲಿ ಅರ್ಜುನ್ ಅಟ್ವಾಲ್ ಗೆದ್ದಾಗ ಎರಡನೇ ಸ್ಥಾನದಲ್ಲಿ ಇದ್ದದ್ದು ಇದೇ ಚೌರಾಸಿಯಾ. 2006ರಲ್ಲಿ ರಾಂಧವಾ ಎದುರು ಪ್ಲೇ ಆಫ್‌ನಲ್ಲಿ ಸೋಲು, ಮತ್ತೆ ಎರಡನೇ ಸ್ಥಾನ. 2013ರಲ್ಲಿ ಸಿದ್ದಿಕುರ್ ಹಿಂದೆ ಎರಡನೇ ಸ್ಥಾನ. ಮನೆಯ ಓಪನ್ ಮಾತ್ರ ಕೈಗೆ ಸಿಗಲೊಲ್ಲದು.

2015ರ ಫೆಬ್ರವರಿ. ಮೊದಲ ಸಲ ಯೂರೋಪಿಯನ್ ಟೂರ್ ಕೂಡ ಇಂಡಿಯನ್ ಓಪನ್‌ಗೆ ಮಾನ್ಯತೆ ಕೊಟ್ಟಿದೆ, ಆಟಗಾರರ ಮಟ್ಟ ಏರಿದೆ. ಕೊನೆಯ ದಿನದ ಬೆಳಿಗ್ಗೆ ಚೌರಾಸಿಯಾ ಮುಂದೆ. ಲಾಹಿರಿ ಏಳು ಹೊಡೆತ ಹಿಂದೆ. ಲಾಹಿರಿ ಬಂಗಾಳಿ ಮನೆತನದವರಾದರೂ ಬೆಂಗಳೂರಲ್ಲಿ ನೆಲೆಸಿ, ಇಲ್ಲಿನ ಗುರು ವಿಜಯ್ ದಿವೇಚಾ ಅವರ ಗರಡಿಯಲ್ಲಿ ಪಳಗಿದವರು. ಎರಡು ವಾರ ಮುಂಚೆ ಮಲೇಷಿಯನ್ ಓಪನ್ ಗೆದ್ದು ಬಂದಿದ್ದರು. ಏಳು ಹೊಡೆತ ಅಂದರೆ ಕ್ರಿಕೆಟ್‌ನಲ್ಲಿ ಕೊನೆಯ ವಿಕೆಟ್‌ಗೆ ನೂರು ರನ್ ಬೇಕು ಅನ್ನುವ ಹಾಗೆ. ಆದರೆ ಅಂದು ಲೋಧಿ ಕೋರ್ಸ್‌ನ ಪೊದೆಗಳು ಚೌರಾಸಿಯಾ ಅವರನ್ನು ಒಂದೊಂದೇ ಹೋಲ್‌ನಲ್ಲಿ ಹಿಡಿದು ಎಳೆದವು. ಸಂಜೆಯ ಹೊತ್ತಿಗೆ ಇಬ್ಬರೂ ಸಮ. ಪ್ಲೇ ಆಫ್‌ನ ಮೊದಲ ಹೋಲ್‌ನಲ್ಲೇ ಲಾಹಿರಿ ಬರ್ಡಿ ಹೊಡೆದು ಗೆದ್ದರು. ಚೌರಾಸಿಯಾಗೆ ನಾಲ್ಕನೇ ಸಲ ಎರಡನೇ ಸ್ಥಾನ.

ಬೆಂಗಳೂರಿನವನಾಗಿ ನಾನು ಲಾಹಿರಿ ಗೆದ್ದದ್ದಕ್ಕೆ ಸಂತೋಷಪಡಬೇಕಿತ್ತು. ಪಟ್ಟೆ ಕೂಡ. ಆದರೆ ಆ ರಾತ್ರಿ ನನ್ನ ತಲೆಯಲ್ಲಿ ಇದ್ದದ್ದು ಇನ್ನೊಬ್ಬರು.

ಒಂದು ವರ್ಷ ಕಳೆಯಿತು. 2016, ಅದೇ ಮೈದಾನ. ಚೌರಾಸಿಯಾ ಎರಡು ಹೊಡೆತದ ಅಂತರದಿಂದ ಗೆದ್ದರು. ಎರಡನೇ ಸ್ಥಾನ ಹಂಚಿಕೊಂಡವರಲ್ಲಿ ಲಾಹಿರಿ ಒಬ್ಬರು. ಮೊದಲ ಸಲ ಎರಡನೆಯವರಾಗಿ 17 ವರ್ಷ ಆದ ಮೇಲೆ ಮನೆಯ ಕಪ್ ಕೈಗೆ ಬಂತು.

ಇಲ್ಲೊಂದು ವಾದ ಕೇಳಿಬರುತ್ತಿತ್ತು, ನಾನೂ ಅದನ್ನು ನಂಬಿದ್ದೆ. ಕ್ಯಾಡಿಗಳಾಗಿದ್ದವರು ಗೆಲ್ಲುವುದು ಹಳೆಯ, ಇಕ್ಕಟ್ಟಾದ, ಪರಿಚಿತ ಮೈದಾನಗಳಲ್ಲಿ ಮಾತ್ರ, ಹೊಸ ಕಾಲದ ಉದ್ದನೆಯ ಮೈದಾನಕ್ಕೆ ಹೋದರೆ ಅವರ ಆಟ ನಡೆಯುವುದಿಲ್ಲ ಅಂತ. 2017ರಲ್ಲಿ ಪಂದ್ಯಾವಳಿ ಗುರ್‌ಗಾಂವ್‌ನ ಡಿಎಲ್‌ಎಫ್‌ನ ಹೊಸ ಗ್ಯಾರಿ ಪ್ಲೇಯರ್ ಕೋರ್ಸ್‌ಗೆ ಹೋಯಿತು. ಬೆಟ್ಟಗುಡ್ಡದಂತೆ ಏರಿಳಿಯುವ ಗ್ರೀನ್, ಆಳದ ಬಂಕರ್, ಬಂಡೆ, ನೀರು. ಯೂರೋಪಿನ ದೈತ್ಯ ಹೊಡೆತದವರೂ ಪಾರ್ ಉಳಿಸಿಕೊಳ್ಳಲು ತಿಣುಕಾಡಿದರು. ಚೌರಾಸಿಯಾ ಅಲ್ಲಿ ಗೆದ್ದದ್ದು ಏಳು ಹೊಡೆತದ ಅಂತರದಿಂದ. 2015ರಲ್ಲಿ ಕೊನೆಯ ದಿನ ಕರಗಿಹೋಗಿದ್ದೂ ಏಳೇ ಹೊಡೆತ.

ಆಮೇಲಿನದು ಬೇಗ. 2018ರಲ್ಲಿ ಇಂಗ್ಲೆಂಡಿನ ಮ್ಯಾಟ್ ವ್ಯಾಲೇಸ್. 2019ರಲ್ಲಿ ಸ್ಕಾಟ್ಲೆಂಡಿನ ಸ್ಟೀಫನ್ ಗ್ಯಾಲಕರ್. ಅವರ ಕೊನೆಯ ದಿನವನ್ನು ಮಾತ್ರ ಹೇಳದೆ ಮುಂದೆ ಹೋಗಲಾರೆ. ಏಳನೇ ಹೋಲ್‌ನಲ್ಲಿ ನಾಲ್ಕರಲ್ಲಿ ಮುಗಿಸಬೇಕಾದದ್ದನ್ನು ಎಂಟು ಹೊಡೆತಕ್ಕೆ ಎಳೆದರು. ಯಾರಾದರೂ ಅಲ್ಲಿಗೇ ಕೈಚೆಲ್ಲುತ್ತಿದ್ದರು. ಅವರ ಚೀಲ ಹೊತ್ತಿದ್ದದ್ದು ಸ್ವಂತ ಮಗ ಜ್ಯಾಕ್. ಅಪ್ಪ ಮಗ ಇಬ್ಬರೂ ನಡೆದರು, ಕೊನೆಯ ಕೆಲವು ಹೋಲ್‌ಗಳಲ್ಲಿ ಮೂರು ಬರ್ಡಿ ಬಂತು, ಒಂದು ಹೊಡೆತದಿಂದ ಗೆದ್ದರು. ನಂತರ ಕೋವಿಡ್, ಮೂರು ವರ್ಷ ಪಂದ್ಯಾವಳಿ ಇಲ್ಲ. 2023ರಲ್ಲಿ ಜರ್ಮನಿಯ ಮಾರ್ಸೆಲ್ ಸೀಮ್, 2024ರಲ್ಲಿ ಜಪಾನಿನ ಕೀಟಾ ನಕಾಜಿಮಾ, 2025ರಲ್ಲಿ ಸ್ಪೇನಿನ ಯುಜೀನಿಯೊ ಚಕಾರಾ. 2024ರಲ್ಲಿ ನಮ್ಮ ವೀರ್ ಅಹ್ಲಾವತ್ ಎರಡನೇ ಸ್ಥಾನ ಹಂಚಿಕೊಂಡರು. ಆದರೆ 2018ರಿಂದ 2025ರವರೆಗೆ ನಡೆದ ಐದು ಆವೃತ್ತಿಗಳಲ್ಲಿ ಕಪ್ ಒಮ್ಮೆಯೂ ಇಲ್ಲಿ ಉಳಿಯಲಿಲ್ಲ.

ಯಾಕೆ ಅಂತ ಕೇಳಿದರೆ ಪೈಪೋಟಿ ಜಾಸ್ತಿಯಾಗಿದೆ ಅನ್ನುತ್ತಾರೆ. ನಿಜವೇ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ: ಮುಂದಿನ ಅಲಿ ಶೇರ್, ಮುಂದಿನ ಮುನಿಯಪ್ಪ ಎಲ್ಲಿಂದ ಬರಬೇಕು? ಮಕ್ಕಳ ಹೆಗಲ ಮೇಲೆ ಚೀಲ ಹೊರಿಸಬಾರದು. ಅದರಲ್ಲಿ ಎರಡು ಮಾತಿಲ್ಲ, ಅವರು ಶಾಲೆಯಲ್ಲಿರಬೇಕು. ಆದರೆ ಚೀಲದ ನೆಪದಲ್ಲಾದರೂ ಬಡ ಹುಡುಗ ಹುಲ್ಲಿನ ಮೇಲೆ ಕಾಲಿಡುತ್ತಿದ್ದ ಆ ಹಿಂಬಾಗಿಲನ್ನು ಮುಚ್ಚಿದ ನಾವು ಅದರ ಬದಲಿಗೆ ಬೇರೆ ಬಾಗಿಲು ತೆರೆದಿದ್ದೇವೆಯೇ? ಇವತ್ತು ಗಾಲ್ಫ್ ಕಲಿಯಬೇಕಾದರೆ ಅಕಾಡೆಮಿ ಶುಲ್ಕ, ಕೋಚ್, ಸೆಟ್, ಪ್ರಯಾಣ. ಮಧ್ಯಮ ವರ್ಗದ ಮನೆಯೂ ಎರಡು ಸಲ ಯೋಚಿಸುವಂಥ ಖರ್ಚು. ಬಿಡದಿ ಹತ್ತಿರದ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯ ಹುಡುಗ ಚಿಕ್ಕರಂಗಪ್ಪ ದೇಶದ ಮುಂಚೂಣಿ ಆಟಗಾರನಾಗಿ ಬೆಳೆದದ್ದು ವಿಜಯ್ ದಿವೇಚಾ ಅವನನ್ನು ಗುರುತಿಸಿ ಕೈಹಿಡಿದದ್ದರಿಂದ. ಎಲ್ಲ ಹಳ್ಳಿಗೂ ಒಬ್ಬೊಬ್ಬ ದಿವೇಚಾ ಸಿಗುವುದಿಲ್ಲವಲ್ಲ! ಸರ್ಕಾರದ ಜಮೀನನ್ನು ಗುತ್ತಿಗೆಗೆ ಪಡೆದು ನಡೆಯುವ ಮೈದಾನಗಳಾದರೂ ತಮ್ಮ ನೌಕರರ ಮಕ್ಕಳಿಗೆ, ಸುತ್ತಲಿನ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರದಲ್ಲಿ ಒಂದು ದಿನ ಗೇಟು ತೆಗೆಯಬೇಕು. ಆ ಹಳೆಯ ಸೋಮವಾರವನ್ನೇ ಮಕ್ಕಳಿಗೆ ಕೊಡಲಿ. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಮುಂದೆಯೂ ಹೇಳುತ್ತೇನೆ.

ಬೇಲಿಯ ಆಚೆಯಿಂದ ನೋಡಿದ ಒಂದೇ ನೋಟ ಏನು ಮಾಡಬಲ್ಲದು ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ನಮ್ಮ ಊರಿನಲ್ಲೇ ಇದೆ. ಕೆಜಿಎ ಡ್ರೈವಿಂಗ್ ರೇಂಜ್, ಅಂದರೆ ಹೊಡೆತ ಅಭ್ಯಾಸ ಮಾಡುವ ಜಾಗ, ಕಾಣುವ ಹೋಟೆಲೊಂದಕ್ಕೆ ಒಂದು ಕುಟುಂಬ ತಿಂಡಿಗೆ ಬರುತ್ತಿತ್ತು. ಅಲ್ಲಿ ಚೆಂಡು ಹೊಡೆಯುವುದನ್ನು ನೋಡಿ ಐದು ವರ್ಷದ ಮಗಳಿಗೆ ಕುತೂಹಲ. ಅವಳೇ ಅದಿತಿ ಅಶೋಕ್. ಮಹಿಳೆಯರ ಇಂಡಿಯನ್ ಓಪನ್ ಶುರುವಾದದ್ದು 2007ರಲ್ಲಿ. 2016ರಲ್ಲಿ 18ರ ಅದಿತಿ ಒಂದು ಹೊಡೆತದಿಂದ ಅದನ್ನು ಗೆದ್ದಾಗ, ಗೆದ್ದ ಮೊದಲ ಭಾರತೀಯಳಾದಳು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದಾಗ ಇಡೀ ದೇಶ ಬೆಳಗಿನ ಜಾವ ಎದ್ದು ಗಾಲ್ಫ್ ನೋಡಿತಲ್ಲ, ಆಗ ಅವಳ ಚೀಲ ಹೊತ್ತು ಪಕ್ಕದಲ್ಲಿ ನಡೆಯುತ್ತಿದ್ದವರು ತಾಯಿ ಮಹೇಶ್ವರಿ.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಕೇಳಿದರು, "ಸರ್, 2012ರ ಬೆಂಗಳೂರು ಓಪನ್ ಬಗ್ಗೆ ಕೊನೆಗೆ ಹೇಳ್ತೀನಿ ಅಂದಿದ್ರಿ, ಮರೆತುಬಿಟ್ರಿ." ಮರೆತಿದ್ದು ನಿಜ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಅದು ಅಕ್ಟೋಬರ್. ಕೊನೆಯ ದಿನ ಥಾಯ್ಲೆಂಡಿನ ಥಾವೊರ್ನ್ ವಿರಾಚಂತ್ ಮತ್ತು ಸ್ಕಾಟ್ಲೆಂಡಿನ ರಿಚೀ ರ‍್ಯಾಮ್ಸೆ ನಡುವೆ ಪ್ಲೇ ಆಫ್ ಆಯಿತು. ವಿರಾಚಂತ್ 2005ರಲ್ಲೇ ಒಮ್ಮೆ ಈ ಕಪ್ ಗೆದ್ದಿದ್ದವರು, ಆಗ ವಯಸ್ಸು 45. ಅವರ ಕೋಲು ಬೀಸುವ ರೀತಿ ಯಾವ ಪಾಠದಲ್ಲೂ ಇಲ್ಲದಂಥದ್ದು. ಕೋಲು ಮೇಲೆ ಹೋಗುವ ದಾರಿ ಒಂದು, ಕೆಳಗೆ ಬರುವ ದಾರಿ ಇನ್ನೊಂದು, ನಡುವೆ ಒಂದು ಸುತ್ತು. ಆದರೆ ಚೆಂಡಿಗೆ ತಾಗುವ ಹೊತ್ತಿಗೆ ಎಲ್ಲವೂ ಸರಿ ಇರುತ್ತಿತ್ತು. ಹಗ್ಗದಾಚೆ ನಾನು ನಿಂತಿದ್ದ ಕಡೆ ಕ್ಲಬ್‌ನ ಏಳೆಂಟು ಕ್ಯಾಡಿಗಳೂ ಸಮವಸ್ತ್ರದಲ್ಲೇ ಸಾಲಾಗಿ ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ವಿರಾಚಂತ್ ಗೆದ್ದರು, ಚಪ್ಪಾಳೆ ಆಯಿತು, ಜನ ಬಹುಮಾನ ವಿತರಣೆ ಕಡೆ ಸರಿದರು. ನಾನು ಗೇಟಿನ ಕಡೆ ಹೊರಟೆ. ಕ್ಯಾಡಿಗಳು ಕೂರುವ ಶೆಡ್ ಪಕ್ಕದಲ್ಲಿ ಅವರಲ್ಲೊಬ್ಬ ಒಬ್ಬನೇ ನಿಂತಿದ್ದ. ಕೈಯಲ್ಲಿ ಮಡಿಸಿದ ಛತ್ರಿ. ಅದನ್ನು ಕೋಲಿನಂತೆ ಹಿಡಿದು, ವಿರಾಚಂತ್ ಬೀಸಿದ ಹಾಗೆಯೇ ಆ ಸುತ್ತು ಹಾಕಿ ಬೀಸಿದ. ಸರಿ ಬರಲಿಲ್ಲ. ಪಾದ ಸ್ವಲ್ಪ ತಿರುಗಿಸಿ ನಿಂತು ಮತ್ತೆ ಬೀಸಿದ.